ಹೊರಡುವ ಮುನ್ನ ಒಂದು ಹಾಳೆ ತೆಗೆದುಕೊಳ್ಳಿ

ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಒಂದು ಮಾತು ಏಳುತ್ತದೆ. "ಈ ಸಲವಾದರೂ ಎಲ್ಲಿಗಾದರೂ ಹೋಗಿ ಬರೋಣ." ಮಕ್ಕಳು ಒಂದರ ಮೇಲೊಂದು ಊರಿನ ಹೆಸರು ಹೇಳುತ್ತಾರೆ. ಯಜಮಾನರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಮನೆಯಾಕೆ ಮಾತ್ರ ಹೆಚ್ಚು ಮಾತಾಡುವುದಿಲ್ಲ. ಪ್ರವಾಸವೆಂದರೆ ಏನೆಂದು ಆಕೆಗೆ ಗೊತ್ತು. ಹೊರಡುವ ಎರಡು ದಿನ ಮೊದಲಿನಿಂದ ತಿಂಡಿ ಕರಿಯುವುದು, ಬಟ್ಟೆ ಮಡಚುವುದು. ದಾರಿಯುದ್ದಕ್ಕೂ "ಅಮ್ಮಾ ನೀರು, ಅಮ್ಮಾ ಟವೆಲ್" ಎಂಬ ಕೂಗು. ಹಿಂದಿರುಗಿದರೆ ಬಚ್ಚಲ ಮನೆಯಲ್ಲಿ ಬಟ್ಟೆಯ ಗುಡ್ಡೆ. "ನೀವೆಲ್ಲ ಹೋಗಿ ಬನ್ನಿ, ಮನೆ ನೋಡಿಕೊಳ್ಳಲು ನಾನಿರುತ್ತೇನೆ" ಎಂದು ಆಕೆ ಹೇಳಿದರೆ ಅದನ್ನು ತ್ಯಾಗವೆಂದು ಎಲ್ಲರೂ ಹೊಗಳಿ ಸುಮ್ಮನಾಗುತ್ತಾರೆ. ಹೀಗೆ ವರ್ಷಗಳು ಕಳೆಯುತ್ತವೆ. ಮದುವೆ, ಮರಣ, ಆಸ್ಪತ್ರೆ, ಈ ಮೂರಕ್ಕಲ್ಲದೆ ಊರು ಬಿಟ್ಟು ಹೊರಗೆ ಹೋಗದ ಎಷ್ಟು ತಾಯಂದಿರು ನಮ್ಮ ನಡುವೆ ಇದ್ದಾರೆ!

ಪ್ರವಾಸಕ್ಕೆ ತುಂಬಾ ಹಣ ಬೇಕು, ತುಂಬಾ ತಾಪತ್ರಯ ಪಡಬೇಕು ಎಂಬ ಭಯವೇ ಇದಕ್ಕೆ ಮುಖ್ಯ ಕಾರಣ. ಆದರೆ ಖರ್ಚು ಮತ್ತು ತಾಪತ್ರಯ ಇವೆರಡೂ ಬಹುಪಾಲು ಮನೆಯಲ್ಲೇ, ಹೊರಡುವ ಎರಡು ತಿಂಗಳ ಮೊದಲೇ ನಿರ್ಧಾರವಾಗಿ ಬಿಡುತ್ತವೆ. ಆದ್ದರಿಂದ ಒಂದು ಹಾಳೆ ಮತ್ತು ಪೆನ್ನು ತೆಗೆದುಕೊಳ್ಳಿ. ಅದರ ಮೇಲೆ ಐದು ಪ್ರಶ್ನೆ ಬರೆಯಿರಿ. ಯಾರು ಯಾರು? ಎಲ್ಲಿಗೆ? ಯಾವಾಗ? ಎಷ್ಟು ಹಣದಲ್ಲಿ? ಯಾವ ಕೆಲಸ ಯಾರದು? ಕೊನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಅದುವೇ.

ಪವಿತ್ರ ಕುರ್‌ಆನ್ ಭೂಮಿಯಲ್ಲಿ ಸಂಚರಿಸಿ, ಗತಿಸಿದ ಜನಾಂಗಗಳ ಅಂತ್ಯವೇನಾಯಿತೆಂದು ನೋಡಿರೆಂದು ಮತ್ತೆ ಮತ್ತೆ ಹೇಳುತ್ತದೆ. ಪ್ರವಾದಿವರ್ಯರು(ಸ) ಪ್ರಯಾಣ ಹೊರಡುವಾಗ ಪತ್ನಿಯರ ಪೈಕಿ ಯಾರನ್ನು ಕರೆದೊಯ್ಯುವುದೆಂದು ಚೀಟಿ ಎತ್ತುತ್ತಿದ್ದರು. ಒಂದು ಪ್ರಯಾಣದಲ್ಲಿ ಸಂಗಾತಿಗಳನ್ನು ಮುಂದೆ ಕಳಿಸಿ, ಹ. ಆಇಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದೂ ಹದೀಸ್ ಗ್ರಂಥಗಳಲ್ಲಿದೆ. ಪ್ರಯಾಣದಲ್ಲಿ ಮಡದಿಗೂ ಸಂತೋಷ ಪಡುವ ಹಕ್ಕಿದೆ ಎನ್ನಲು ಇದಕ್ಕಿಂತ ದೊಡ್ಡ ಮಾದರಿ ಬೇಕೇ?

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದು ಮನೆಯನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಪುತ್ತೂರಿನಲ್ಲಿರುವ ಐದು ಜನರ ಕುಟುಂಬ. ಗಂಡ, 46 ವರ್ಷದ ಹೆಂಡತಿ, 66 ವರ್ಷದ ಅತ್ತೆ, 13ರ ಮಗಳು, 8ರ ಮಗ. ಅವರು ವಿಜಯಪುರಕ್ಕೆ, ಅಂದರೆ 2014ರ ತನಕ ನಾವು ಬಿಜಾಪುರ ಎನ್ನುತ್ತಿದ್ದ ಊರಿಗೆ ಹೋಗ ಬಯಸುತ್ತಾರೆ.

ಒಂದೇ ಊರು ಸಾಕು

ನಮ್ಮ ದೊಡ್ಡ ದೌರ್ಬಲ್ಯವೆಂದರೆ "ಹೇಗೂ ಅಷ್ಟು ದೂರ ಹೋಗುತ್ತೇವೆ, ಅದನ್ನೂ ನೋಡಿಕೊಂಡು ಬರೋಣ" ಎಂಬ ಆಸೆ. ವಿಜಯಪುರಕ್ಕೆ ಹೊರಟವರು ಬಾದಾಮಿ, ಹಂಪಿ, ಕಲಬುರಗಿಗಳನ್ನೆಲ್ಲ ಮೂರು ದಿನದಲ್ಲಿ ತುರುಕುತ್ತಾರೆ. ಆಗ ಹಣವೆಲ್ಲ ಗಾಡಿಗೆ, ಹೊತ್ತೆಲ್ಲ ದಾರಿಗೆ. ಒಂದೇ ಊರಿನಲ್ಲಿ ಎರಡು ರಾತ್ರಿ ತಂಗಿದರೆ ಚೀಲ ಬಿಚ್ಚುವುದು, ಕಟ್ಟುವುದು ಒಂದೇ ಸಲ. ಅತ್ತೆಯವರ ಮೊಣಕಾಲಿಗೂ ಆರಾಮ.

ಊರನ್ನು ಆರಿಸಿದ ಮೇಲೆ ಅದರ ದಿಕ್ಕು ತಿಳಿದುಕೊಳ್ಳಿ. ವಿಜಯಪುರದಲ್ಲಿ ಗೋಲ್ ಗುಂಬಜ್ ಇರುವುದು ಪೂರ್ವಕ್ಕೆ, ರೈಲು ನಿಲ್ದಾಣಕ್ಕೆ ಹತ್ತಿರ. ಜಾಮಿಯಾ ಮಸೀದಿಯೂ ಅದೇ ಭಾಗದಲ್ಲಿದೆ. ಮಲಿಕ್-ಎ-ಮೈದಾನ್ ಫಿರಂಗಿ, ತಾಜ್ ಬಾವಡಿ ಮತ್ತು ಇಬ್ರಾಹೀಂ ರೋಜಾ ಪಶ್ಚಿಮಕ್ಕೆ. ಒಂದು ದಿನ ಪೂರ್ವ, ಇನ್ನೊಂದು ದಿನ ಪಶ್ಚಿಮ ಎಂದು ಹಾಳೆಯಲ್ಲಿ ಬರೆದರೆ ಆಟೋ ಒಂದೇ ರಸ್ತೆಯಲ್ಲಿ ಎರಡೆರಡು ಸಲ ಓಡುವುದು ತಪ್ಪುತ್ತದೆ. ಒಂದೊಂದು ಜಾಗಕ್ಕೆ ಒಂದೊಂದು ಆಟೋ ಹಿಡಿಯುವ ಬದಲು "ಈ ಮೂರು ಕಡೆ, ಅರ್ಧ ದಿನ, ಕಾಯುವುದೂ ಸೇರಿ ಎಷ್ಟು?" ಎಂದು ಮೊದಲೇ ಮಾತಾಡಿಕೊಳ್ಳಿ. ಟಾಂಗಾ ಸಿಕ್ಕಿದರೆ ಮಕ್ಕಳಿಗೆ ಅದೇ ಒಂದು ಹಬ್ಬ.

ಹೋಗುವ ಮುನ್ನ ಮಕ್ಕಳಿಗೆ ಆ ಊರಿನ ಕಥೆ ಹೇಳಿ. ಗೋಲ್ ಗುಂಬಜ್ 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ. ಅದರ ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಒಳಗೆ ಅದನ್ನು ಹೊರಲು ಒಂದು ಕಂಬವೂ ಇಲ್ಲ. ಜಾಮಿಯಾ ಮಸೀದಿಯ ನೆಲದಲ್ಲಿ ಒಬ್ಬೊಬ್ಬರು ನಮಾಝ್‌ಗೆ ನಿಲ್ಲುವ ಜಾಗವನ್ನು ಗುರುತು ಮಾಡಿದ್ದಾರೆ. ಎರಡು ಸಾವಿರಕ್ಕೂ ಹೆಚ್ಚು ಜಾಗಗಳಿವೆ, ಮಗನಿಗೆ ಒಂದು ಸಾಲು ಎಣಿಸಲು ಹೇಳಿ. ಇಬ್ರಾಹೀಂ ರೋಜಾದಲ್ಲಿ ಎರಡನೇ ಇಬ್ರಾಹೀಂ ಆದಿಲ್ ಶಾಹನ ಜೊತೆ ಅವನ ರಾಣಿ ತಾಜ್ ಸುಲ್ತಾನಾಳೂ ಮಲಗಿದ್ದಾಳೆ. ತಾಜ್ ಬಾವಡಿಯ ಹೆಸರೂ ಆಕೆಯದ್ದೇ. ಆ ಇಬ್ರಾಹೀಂ ಚಿಕ್ಕ ಹುಡುಗನಾಗಿದ್ದಾಗ ಅವನ ಪರವಾಗಿ ರಾಜ್ಯಭಾರ ಮಾಡಿದವಳು ಚಾಂದ್ ಬೀಬಿ. ಇದನ್ನು ಮಗಳಿಗೆ ವಿಶೇಷವಾಗಿ ಹೇಳಿ. ಕಥೆ ಗೊತ್ತಿದ್ದರೆ ಕಲ್ಲು ಮಾತಾಡುತ್ತದೆ. ಗೊತ್ತಿಲ್ಲದಿದ್ದರೆ ಮಕ್ಕಳು ಐದು ನಿಮಿಷದಲ್ಲಿ ಐಸ್‌ಕ್ರೀಮ್ ಕೇಳುತ್ತಾರೆ.

ಟಿಕೆಟಿನ ಚಿಂತೆ ಬೇಡ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದ ಒಳಗಿನ ಮಕ್ಕಳಿಗೆ ಪ್ರವೇಶ ಉಚಿತ. ದೊಡ್ಡವರ ಟಿಕೆಟ್ ಒಂದು ಚಹಾ-ತಿಂಡಿಯ ಬೆಲೆಗಿಂತ ಹೆಚ್ಚಿರುವುದಿಲ್ಲ.

ದಿನ ನೋಡಿ ಹೊರಡಿ

ಕರಾವಳಿಯ ನಾವು ರಜೆ ಎಂದಾಕ್ಷಣ ಮೇ ತಿಂಗಳಲ್ಲಿ ಹೊರಡುತ್ತೇವೆ. ಆಗ ವಿಜಯಪುರದ ಬಿಸಿಲು 40 ಡಿಗ್ರಿ ದಾಟುವುದುಂಟು. ಕಲ್ಲಿನ ಅಂಗಳದಲ್ಲಿ ಬರಿಗಾಲಿನಲ್ಲಿ ನಿಲ್ಲಲಾಗದು. ನವೆಂಬರಿನಿಂದ ಫೆಬ್ರವರಿ ತನಕ ಆ ಊರು ಹಿತವಾಗಿರುತ್ತದೆ. ಶಾಲೆಯ ದಸರಾ ರಜೆ ಅಥವಾ ಡಿಸೆಂಬರಿನ ಒಂದು ವಾರಾಂತ್ಯಕ್ಕೆ ಒಂದೆರಡು ದಿನ ಸೇರಿಸಿಕೊಂಡರೂ ಸಾಕು. ಸಾಲು ರಜೆಯ ದಿನಗಳಲ್ಲಿ ಎಲ್ಲೆಡೆ ಕೋಣೆಯ ಬಾಡಿಗೆ ಏರುತ್ತದೆ, ವಾರದ ಮಧ್ಯೆ ಇಳಿಯುತ್ತದೆ ಎಂಬುದೂ ನೆನಪಿರಲಿ.

ರಮಝಾನ್ ಪ್ರತಿ ವರ್ಷ 10-11 ದಿನ ಹಿಂದೆ ಸರಿಯುತ್ತದೆ. 2025ರಲ್ಲಿ ಅದು ಮಾರ್ಚ್‌ನಲ್ಲಿ ಬಂದಿತ್ತು. ಮುಂದಿನ ವರ್ಷಗಳಲ್ಲಿ ಅದು ಚಳಿಗಾಲದೊಳಗೆ ಬರಲಿದೆ. ಆದ್ದರಿಂದ ದಿನ ಗೊತ್ತು ಮಾಡುವಾಗ ಹಿಜರಿ ಕ್ಯಾಲೆಂಡರನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಪ್ರಯಾಣಿಕರಿಗೆ ಉಪವಾಸದಲ್ಲಿ ವಿನಾಯಿತಿ ಇದ್ದರೂ ವಿಹಾರಕ್ಕಾಗಿ ಆ ಪವಿತ್ರ ತಿಂಗಳನ್ನೇ ಆರಿಸುವ ಅಗತ್ಯವಿಲ್ಲ. ಶುಕ್ರವಾರ ಹಳೆಯ ಮಸೀದಿಗಳಲ್ಲಿ ಜುಮಾದ ಜನಸಂದಣಿ ಇರುತ್ತದೆ. ಕುಟುಂಬದೊಂದಿಗೆ ನೋಡಲು ಬೇರೆ ದಿನ ಒಳ್ಳೆಯದು. ಕೆಲವು ಸ್ಮಾರಕಗಳು ಮತ್ತು ವಸ್ತು ಸಂಗ್ರಹಾಲಯಗಳು ವಾರಕ್ಕೊಂದು ದಿನ ಮುಚ್ಚಿರುತ್ತವೆ. ಆಗ್ರಾದ ತಾಜ್‌ಮಹಲ್‌ಗೆ ಶುಕ್ರವಾರವೇ ರಜೆ.

ಸಹೋದರಿಯರೇ, ನಿಮ್ಮ ತಿಂಗಳ ದಿನಗಳನ್ನೂ ಕ್ಯಾಲೆಂಡರಿನಲ್ಲಿ ಗುರುತಿಸಿ ನೋಡಿ. ದಿನಾಂಕ ನಿರ್ಧರಿಸುವಾಗ ಗಂಡಸರ ರಜೆ ಎಷ್ಟು ಮುಖ್ಯವೋ ನಿಮ್ಮ ಆರೋಗ್ಯವೂ ಅಷ್ಟೇ ಮುಖ್ಯ. ಅದನ್ನು ಹೇಳಲು ಸಂಕೋಚ ಬೇಡ.

ಬಸ್ಸೋ ರೈಲೋ?

ಈಗ ನಮ್ಮ ಪುತ್ತೂರಿನ ಕುಟುಂಬದ ಲೆಕ್ಕ ನೋಡೋಣ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಂತೆ ಕರ್ನಾಟಕದ ನಿವಾಸಿ ಮಹಿಳೆಯರಿಗೆ ರಾಜ್ಯದೊಳಗೆ ಸರಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸ, ಎ.ಸಿ. ಮತ್ತು ಸ್ಲೀಪರ್ ಬಸ್ಸುಗಳಿಗೆ ಇದು ಅನ್ವಯವಾಗುವುದಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಬೇಕು. ಹಾಗಾದರೆ ಅತ್ತೆ, ಸೊಸೆ, ಮಗಳು ಮೂವರಿಗೂ ಹಣವಿಲ್ಲ. ಎಂಟು ವರ್ಷದ ಮಗನಿಗೆ ಅರ್ಧ, ತಂದೆಗೆ ಪೂರ್ತಿ. ಐದು ಜನ ಒಂದೂವರೆ ಟಿಕೆಟಿನಲ್ಲಿ ರಾಜ್ಯದ ಈ ಮೂಲೆಯಿಂದ ಆ ಮೂಲೆಗೆ ಹೋಗಬಹುದು!

ಆದರೆ ಇಲ್ಲಿ ಸ್ವಲ್ಪ ನಿಲ್ಲಿ. ಕರಾವಳಿಯಿಂದ ವಿಜಯಪುರಕ್ಕೆ ಐನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಸಾಮಾನ್ಯ ಬಸ್ಸಿನಲ್ಲಿ ರಾತ್ರಿಯಿಡೀ ಕುಳಿತೇ ಇರಬೇಕು, ಶೌಚಾಲಯ ಬಸ್ಸು ನಿಂತ ಕಡೆ ಮಾತ್ರ. ಅನೇಕ ಹೆಂಗಸರು ಈ ಕಾರಣಕ್ಕಾಗಿಯೇ ಪ್ರಯಾಣದಲ್ಲಿ ನೀರು ಕುಡಿಯುವುದಿಲ್ಲ. ಆಮೇಲೆ ಉರಿಮೂತ್ರ, ತಲೆನೋವು ಎಂದು ಔಷಧಕ್ಕೆ ಖರ್ಚು ಮಾಡುತ್ತಾರೆ. ಉಚಿತವಾದದ್ದೆಲ್ಲ ಅಗ್ಗವಲ್ಲ. ಅತ್ತೆಯವರಿಗಾಗಿ ಹೋಗುವಾಗ ಬರುವಾಗ ರೈಲಿನಲ್ಲಿ ಮಲಗಿ ಪ್ರಯಾಣಿಸಿ, ಅಲ್ಲಿಂದ ಹತ್ತಿರದ ಊರುಗಳಿಗೆ ಹಗಲಿನ ಬಸ್ಸು ಹಿಡಿಯುವುದು ಜಾಣತನ. ಮಂಗಳೂರಿನಿಂದ ಪುತ್ತೂರು, ಹಾಸನ, ಹುಬ್ಬಳ್ಳಿ ಮಾರ್ಗವಾಗಿ ವಿಜಯಪುರಕ್ಕೆ ರೈಲಿದೆ. ಬೆಂಗಳೂರಿನವರಿಗೆ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಇದೆ. ಎರಡರಲ್ಲೂ ರಾತ್ರಿ ನಿದ್ದೆಯಲ್ಲಿ ಕಳೆಯುವುದರಿಂದ ಒಂದು ದಿನದ ಕೋಣೆಯ ಬಾಡಿಗೆಯೂ ಉಳಿಯುತ್ತದೆ.

ರೈಲಿನ ವಿಷಯದಲ್ಲಿ ಕೆಲವು ನಿಯಮಗಳು ನಿಮಗೆ ಗೊತ್ತಿರಲಿ.

ಮುಂಗಡ ಟಿಕೆಟ್ ಮೊದಲು 120 ದಿನ ಮುಂಚೆ ಸಿಗುತ್ತಿತ್ತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ. ಬೆಳಿಗ್ಗೆ 8 ಗಂಟೆಗೆ ಬುಕಿಂಗ್ ಆರಂಭವಾಗುತ್ತದೆ. ರಜೆಯ ಕಾಲಕ್ಕೆ ಹೋಗುವವರು ಆ 60ನೇ ದಿನವನ್ನೇ ಹಾಳೆಯಲ್ಲಿ ಬರೆದಿಡಬೇಕು. ಹಿಂದಿರುಗುವ ಟಿಕೆಟನ್ನೂ ಅದರ 60ನೇ ದಿನಕ್ಕೇ ಮಾಡಿಸಿ. ಹೋಗುವ ಟಿಕೆಟ್ ಮಾತ್ರ ಮಾಡಿ "ಬರುವುದನ್ನು ಆಮೇಲೆ ನೋಡೋಣ" ಎಂದವರೇ ಕೊನೆಗೆ ದುಬಾರಿ ಖಾಸಗಿ ಬಸ್ಸಿಗೆ ಹಣ ಸುರಿಯುವುದು.

ತತ್ಕಾಲ್ ಟಿಕೆಟ್ ಹೊರಡುವ ಹಿಂದಿನ ದಿನ, ಎ.ಸಿ.ಗೆ 10 ಗಂಟೆಗೆ, ಸ್ಲೀಪರ್‌ಗೆ 11 ಗಂಟೆಗೆ ತೆರೆಯುತ್ತದೆ. ದರ ಹೆಚ್ಚು. 2025ರ ಜುಲೈಯಿಂದ ಆನ್‌ಲೈನ್‌ನಲ್ಲಿ ಅದನ್ನು ಮಾಡಿಸಲು ಖಾತೆಗೆ ಆಧಾರ್ ಜೋಡಿಸಿರಬೇಕು. ಇದು ತುರ್ತಿಗಿರುವ ವ್ಯವಸ್ಥೆ. ಪ್ರವಾಸದ ಯೋಜನೆಯನ್ನು ಇದರ ಮೇಲೆ ಕಟ್ಟಬೇಡಿ. ಆನ್‌ಲೈನ್ ಟಿಕೆಟ್ ಕೊನೆಯ ತನಕ ವೈಟಿಂಗ್ ಲಿಸ್ಟ್‌ನಲ್ಲೇ ಉಳಿದರೆ ಅದು ತಾನಾಗಿಯೇ ರದ್ದಾಗುತ್ತದೆ, ಅದನ್ನು ಹಿಡಿದು ರೈಲು ಹತ್ತುವಂತಿಲ್ಲ.

ಐದು ವರ್ಷ ತುಂಬದ ಮಕ್ಕಳಿಗೆ ಪ್ರತ್ಯೇಕ ಬರ್ತ್ ಬೇಡವಾದರೆ ಟಿಕೆಟ್ ಬೇಡ. ಐದರಿಂದ ಹನ್ನೆರಡರ ಒಳಗಿನವರಿಗೆ ಬರ್ತ್ ಬೇಕೆಂದರೆ ಪೂರ್ತಿ ದರ, ಬೇಡವೆಂದರೆ ಅರ್ಧ. ಎಂಟು ವರ್ಷದ ಹುಡುಗ ತಾಯಿಯ ಬರ್ತ್‌ನಲ್ಲೇ ಮಲಗಿದರೆ ಅರ್ಧ ಹಣ ಉಳಿಯುತ್ತದೆ ನಿಜ. ಆದರೆ ಆ ರಾತ್ರಿ ತಾಯಿಗೆ ನಿದ್ದೆ ಇಲ್ಲ. ಯಾರ ನಿದ್ದೆಯನ್ನು ಮಾರಿ ಈ ಹಣ ಉಳಿಸುತ್ತಿದ್ದೇವೆ ಎಂದು ಒಮ್ಮೆ ಕೇಳಿಕೊಳ್ಳಿ.

ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತು ಹೋಯಿತು. ಆದರೆ ಕೆಳಗಿನ ಬರ್ತ್‌ನ ಕೋಟಾ ಉಳಿದಿದೆ. 60 ದಾಟಿದ ಗಂಡಸರು, 45 ದಾಟಿದ ಹೆಂಗಸರು ಒಬ್ಬರೇ ಅಥವಾ ಅಂಥವರು ಇಬ್ಬರು ಒಂದೇ ಟಿಕೆಟಿನಲ್ಲಿ ಇದ್ದರೆ ಅದನ್ನು ಕೇಳಬಹುದು. ಇಡೀ ಕುಟುಂಬವನ್ನು ಒಂದೇ ಟಿಕೆಟಿನಲ್ಲಿ ಸೇರಿಸಿದರೆ ಈ ಕೋಟಾ ಸಿಗದು. ನಮ್ಮ ಕುಟುಂಬ ಅತ್ತೆ-ಸೊಸೆಯರ ಟಿಕೆಟನ್ನು ಬೇರೆಯಾಗಿ ಈ ಕೋಟಾದಲ್ಲಿ ಮಾಡಿಸಿದರೆ ಇಬ್ಬರಿಗೂ ಕೆಳಗಿನ ಬರ್ತ್ ಸಿಗುವ ಸಾಧ್ಯತೆ ಹೆಚ್ಚು. ಬೋಗಿ ಬೇರೆ ಬೇರೆಯಾಗಬಹುದು, ಅದನ್ನು ಮೊದಲೇ ಯೋಚಿಸಿಕೊಳ್ಳಿ. ಹೆಂಗಸರು ಮಾತ್ರ ಪ್ರಯಾಣಿಸುವುದಾದರೆ ದೂರದ ರೈಲುಗಳ ಸ್ಲೀಪರ್‌ನಲ್ಲಿ ಮಹಿಳಾ ಕೋಟಾ ಕೂಡ ಇದೆ. ದಾರಿಯಲ್ಲಿ ಏನೇ ತೊಂದರೆಯಾದರೂ ರೈಲ್ವೆಯ 139ಕ್ಕೆ ಕರೆ ಮಾಡಿ. ಈ ಸಂಖ್ಯೆ ಮಗಳಿಗೂ ಬಾಯಿಪಾಠವಿರಲಿ.

ತಂಗುವುದೆಲ್ಲಿ?

ಹಣ ಉಳಿಸಲು ನೆಂಟರ ಮನೆ ಸುಲಭದ ದಾರಿ. ನೆಂಟಸ್ತಿಕೆ ಬೆಳೆಸುವುದು ಪುಣ್ಯ ಕಾರ್ಯವೇ. ಆದರೆ ಐದು ಜನ ಹೋಗಿ ಮೂರು ದಿನ ಕುಳಿತರೆ ಆ ಮನೆಯ ಹೆಂಗಸಿನ ಗತಿ ಏನು? ಅತಿಥಿ ಸತ್ಕಾರಕ್ಕೆ ಮೂರು ದಿನದ ಮಿತಿಯನ್ನು ಹೇಳಿದ ಪ್ರವಾದಿವರ್ಯರು(ಸ) ಮನೆಯವರಿಗೆ ಕಷ್ಟವಾಗುವಷ್ಟು ಕಾಲ ಉಳಿಯುವುದು ಸಲ್ಲದೆಂದೂ ತಿಳಿಸಿದ್ದಾರೆ. ನಮ್ಮ ಪ್ರವಾಸದ ಖರ್ಚನ್ನು ಇನ್ನೊಬ್ಬ ಸಹೋದರಿಯ ಅಡುಗೆ ಮನೆಯ ಮೇಲೆ ಹಾಕಬಾರದು. ಕೋಣೆ ಹಿಡಿಯಿರಿ. ನೆಂಟರ ಮನೆಗೆ ಮೊದಲೇ ತಿಳಿಸಿ, ಹಣ್ಣು ಹಿಡಿದುಕೊಂಡು, ಒಂದು ಹೊತ್ತಿಗೆ ಹೋಗಿ ಬನ್ನಿ. ಪ್ರೀತಿ ಉಳಿಯುತ್ತದೆ.

ಕೋಣೆಗೆ ಫೋನ್ ಮಾಡುವಾಗ ಈ ವಿಷಯಗಳನ್ನು ಕೇಳಿ. ತೆರಿಗೆ ಸೇರಿ ಒಟ್ಟು ಎಷ್ಟು? ಬಾಡಿಗೆ 24 ಗಂಟೆಗೋ, ಮಧ್ಯಾಹ್ನ 12ಕ್ಕೆ ಖಾಲಿ ಮಾಡಬೇಕೋ? ಐದನೆಯವರಿಗೆ ಹೆಚ್ಚುವರಿ ಹಾಸಿಗೆಗೆ ಹಣವೆಷ್ಟು? ನೆಲ ಅಂತಸ್ತಿನಲ್ಲಿ ಸಿಗುತ್ತದೋ, ಲಿಫ್ಟ್ ಇದೆಯೋ? ಕುಳಿತುಕೊಳ್ಳುವ ಕಮೋಡ್ ಇದೆಯೋ? ಬಿಸಿನೀರು ಎಷ್ಟು ಹೊತ್ತಿನ ತನಕ? ಕೊನೆಯ ಮೂರು ಪ್ರಶ್ನೆಗಳು ಅತ್ತೆಯವರಿಗಾಗಿ. ಇವುಗಳನ್ನು ಕೇಳದೆ ಹೋದರೆ ಅಲ್ಲಿ ಅವರ ಮೊಣಕಾಲು ಕೇಳುತ್ತದೆ. ಹಲವು ದೊಡ್ಡ ರೈಲು ನಿಲ್ದಾಣಗಳಲ್ಲಿ ಟಿಕೆಟ್ ಇದ್ದವರಿಗೆ ವಿಶ್ರಾಂತಿ ಕೋಣೆಗಳೂ ಸಿಗುತ್ತವೆ. ದೊಡ್ಡವರೆಲ್ಲರ ಗುರುತಿನ ಚೀಟಿಯ ಮೂಲ ಪ್ರತಿ ಜೊತೆಗಿರಲಿ.

ಬುತ್ತಿ ಮತ್ತು ಊಟ

ಮೊದಲ ಹೊತ್ತಿನ ಊಟ ಮನೆಯಿಂದ, ಉಳಿದದ್ದು ಅಲ್ಲಿಯೇ ಎಂಬುದು ಒಳ್ಳೆಯ ನಿಯಮ. ಮೂರು ದಿನದ ಅಡುಗೆಯನ್ನು ಕಟ್ಟಿಕೊಂಡು ಹೋಗುವುದು ಉಳಿತಾಯದಂತೆ ಕಂಡರೂ ಅದರ ಬೆಲೆಯನ್ನು ತೆರುವವಳು ಹೊರಡುವ ಹಿಂದಿನ ರಾತ್ರಿ ನಿದ್ದೆಗೆಟ್ಟ ತಾಯಿ. ರೈಲಿಗೆ ಚಪಾತಿ, ಚಟ್ನಿಪುಡಿ, ಚಿತ್ರಾನ್ನ, ಖರ್ಜೂರ, ಬಾಳೆಹಣ್ಣು ಸಾಕು. ತೆಂಗಿನಕಾಯಿ ಹಾಕಿದ್ದು ಬೇಗ ಹಳಸುತ್ತದೆ. ಮಾಂಸದ ಅಡುಗೆಯನ್ನು ಮೊದಲ ಊಟಕ್ಕಿಂತ ಮುಂದೆ ಇಡಬೇಡಿ. ಒಬ್ಬೊಬ್ಬರಿಗೆ ಒಂದೊಂದು ನೀರಿನ ಬಾಟಲಿ ಕೊಡಿ, ಅದನ್ನು ತುಂಬಿಸುವ ಹೊಣೆ ಅವರವರದ್ದೇ ಆಗಿರಲಿ.

ಉತ್ತರ ಕರ್ನಾಟಕದಲ್ಲಿ ಊಟದ ಚಿಂತೆ ಕಡಿಮೆ. ಅಲ್ಲಿನ ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಇರುತ್ತವೆ. ಶುದ್ಧ ಸಸ್ಯಾಹಾರವಾದ್ದರಿಂದ ಹಲಾಲ್ ಹೌದೋ ಅಲ್ಲವೋ ಎಂದು ವಿಚಾರಿಸುವ ಗೊಂದಲವಿಲ್ಲ, ದರವೂ ಹಗುರ, ಹೊಟ್ಟೆಯೂ ತುಂಬುತ್ತದೆ. ಖಾರ ಸ್ವಲ್ಪ ಜೋರು. ಮಕ್ಕಳಿಗೆ ಮೊಸರು ಮೊದಲೇ ಹೇಳಿ ಬಿಡಿ. ಮಾಂಸಾಹಾರ ಬೇಕಾದವರು ಜಾಮಿಯಾ ಮಸೀದಿಯ ಆಸುಪಾಸಿನ ಅಂಗಡಿಯವರನ್ನು ಕೇಳಿದರೆ ಒಳ್ಳೆಯ ಹೋಟೆಲ್ ತೋರಿಸುತ್ತಾರೆ.

ನಮಾಝ್ ಮತ್ತು ಹೊತ್ತಿನ ಹಂಚಿಕೆ

ಪ್ರಯಾಣದಲ್ಲಿ ನಮಾಝ್ ತಪ್ಪುವುದು ಸಮಯವಿಲ್ಲದೆ ಅಲ್ಲ, ಮೊದಲೇ ಯೋಚಿಸದೆ. ಸುಮಾರು 80 ಕಿಲೋಮೀಟರ್ ಮೀರಿದ ಪ್ರಯಾಣದಲ್ಲಿ ನಾಲ್ಕು ರಕ್‌ಅತ್‌ಗಳ ನಮಾಝನ್ನು ಎರಡಾಗಿ ನಿರ್ವಹಿಸಬಹುದೆಂದು ಬಹುತೇಕ ವಿದ್ವಾಂಸರು ಹೇಳುತ್ತಾರೆ. ಎರಡು ರಾತ್ರಿಯ ತಂಗುವಿಕೆಯಲ್ಲಿ ಹನಫಿ, ಶಾಫಿಈ ಎರಡೂ ಮದ್‌ಹಬ್‌ಗಳಂತೆ ಕಸ್ರ್ ಮುಂದುವರಿಯುತ್ತದೆ. ಝುಹ್ರ್-ಅಸ್ರ್, ಮಗ್ರಿಬ್-ಇಶಾ ಜೊತೆಗೂಡಿಸುವ ಅನುಮತಿ ಶಾಫಿಈ ಮದ್‌ಹಬ್‌ನಲ್ಲಿದೆ. ಹನಫಿಗಳು ಪ್ರತಿಯೊಂದನ್ನು ಅದರ ಹೊತ್ತಿನಲ್ಲೇ ನಿರ್ವಹಿಸುತ್ತಾರೆ. ಸಂದೇಹವಿದ್ದರೆ ಹೊರಡುವ ಮುನ್ನ ನಿಮ್ಮ ಊರಿನ ಉಸ್ತಾದರಲ್ಲಿ ಕೇಳಿಕೊಳ್ಳಿ.

ಒಂದು ಪ್ರಯಾಣದಲ್ಲಿ ಹ. ಆಇಶಾ(ರ)ರ ಕೊರಳ ಹಾರ ಕಳೆದು ಹೋದಾಗ ಪ್ರವಾದಿವರ್ಯರು(ಸ) ಅದನ್ನು ಹುಡುಕಲು ಇಡೀ ತಂಡವನ್ನು ನೀರಿಲ್ಲದ ಜಾಗದಲ್ಲಿ ನಿಲ್ಲಿಸಿದರು. ಆ ಸಂದರ್ಭದಲ್ಲೇ ತಯಮ್ಮುಮ್‌ನ ಆದೇಶ ಬಂತು. ಒಬ್ಬ ಮಹಿಳೆಗಾಗಿ ತಂಡ ಕಾದಿತು, ಆ ಕಾಯುವಿಕೆಯಿಂದ ಎಲ್ಲಾ ಕಾಲದ ಪ್ರಯಾಣಿಕರಿಗೆ ಸುಲಭವಾಯಿತು. "ಬೇಗ ಬಾ, ನಿನ್ನಿಂದ ತಡವಾಯಿತು" ಎಂದು ಹೆಂಡತಿಯನ್ನು ಗದರಿಸುವ ಮುನ್ನ ನಮ್ಮ ಗಂಡಸರು ಇದನ್ನು ನೆನಪಿಸಿಕೊಂಡರೆ ಸಾಕು.

ಮಹಿಳೆಯರಿಗೆ ನಮಾಝ್‌ನ ಜಾಗ ಎಲ್ಲಾ ಮಸೀದಿಗಳಲ್ಲೂ ಇರುವುದಿಲ್ಲ. ಆದ್ದರಿಂದ ದಿನವನ್ನು ಎರಡಾಗಿ ಒಡೆಯಿರಿ. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನ ಕೋಣೆಗೆ ಹಿಂದಿರುಗಿ. ಝುಹ್ರ್, ಊಟ, ಒಂದು ಗಂಟೆಯ ನಿದ್ದೆ. ಬಿಸಿಲು ಇಳಿದ ಮೇಲೆ ಮತ್ತೆ ಹೊರಡಿ. ಗೋಲ್ ಗುಂಬಜ್‌ಗೆ ಬೆಳ್ಳಂಬೆಳಿಗ್ಗೆ ಹೋದರೆ ಇನ್ನೊಂದು ಲಾಭವಿದೆ. ಶಾಲಾ ಮಕ್ಕಳ ಗುಂಪು ಬರುವ ಮೊದಲು ಪಿಸುಗುಟ್ಟುವ ಗ್ಯಾಲರಿಯಲ್ಲಿ ಮೆಲ್ಲಗೆ ಆಡಿದ ಮಾತು ಎದುರು ಬದಿಗೆ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಅಲ್ಲಿಗೆ ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಬೇಕು. ಅತ್ತೆಯವರು ಕೆಳಗೆ ಕುಳಿತಿರಲಿ. ಅವರ ಜೊತೆ ಮೊದಲು ತಂದೆ ಇರಲಿ, ತಾಯಿ ಮಕ್ಕಳೊಂದಿಗೆ ಹತ್ತಲಿ. ಆಮೇಲೆ ಬದಲಾಯಿಸಿಕೊಳ್ಳಿ. ಯಾವಾಗಲೂ ಕೆಳಗೆ ಚೀಲ ಕಾಯುತ್ತಾ ಕುಳಿತಿರುವವಳು ತಾಯಿಯೇ ಆಗಬೇಕೆಂದು ಎಲ್ಲೂ ಬರೆದಿಲ್ಲ.

ಹಣದ ಲೆಕ್ಕ

ಟಿಕೆಟ್, ಕೋಣೆ, ಊಟ, ಊರೊಳಗಿನ ಓಡಾಟ, ಇತರ ಎಂದು ಹಾಳೆಯಲ್ಲಿ ಐದು ಸಾಲು ಹಾಕಿ. ಬಂದ ಮೊತ್ತಕ್ಕೆ ಹತ್ತರಲ್ಲಿ ಒಂದು ಪಾಲು ಆಕಸ್ಮಿಕಕ್ಕೆಂದು ಸೇರಿಸಿ. ಒಟ್ಟು ಹನ್ನೆರಡು ಸಾವಿರ ಎಂದಾದರೆ ತಿಂಗಳಿಗೆ ಒಂದು ಸಾವಿರದಂತೆ ಒಂದು ವರ್ಷ ಕೂಡಿಡಿ. ಅಷ್ಟು ಸಾಧ್ಯವಿಲ್ಲದಿದ್ದರೆ ಪ್ರವಾಸವನ್ನು ಚಿಕ್ಕದು ಮಾಡಿ. ಬೆಳಿಗ್ಗೆ ಹೋಗಿ ಸಂಜೆ ಬರುವ ಊರು ಎಲ್ಲರ ಹತ್ತಿರವೂ ಒಂದಿರುತ್ತದೆ.

"ಈಗ ಪ್ರವಾಸ, ಆಮೇಲೆ ಕಂತು" ಎಂಬ ಜಾಹೀರಾತುಗಳು ಇಂದು ಫೋನ್ ತೆರೆದರೆ ಎದುರಾಗುತ್ತವೆ. ಬಡ್ಡಿ ಹರಾಮ್ ಎಂಬುದು ನಮಗೆ ಗೊತ್ತಿರುವ ವಿಷಯ. ಮೂರು ದಿನದ ಸಂತೋಷಕ್ಕಾಗಿ ವರ್ಷವಿಡೀ ಬಡ್ಡಿ ಕಟ್ಟುವುದು, ಕೊನೆಗೆ ಹೆಂಡತಿಯ ಬಳೆ ಅಡವಿಡುವುದು, ಇಂಥ ಪ್ರವಾಸಕ್ಕಿಂತ ಮನೆಯಂಗಳವೇ ಮೇಲು. ನೆರೆಮನೆಯವರು ಹೋದರೆಂದು ಹೊರಡುವುದೂ ದುಂದುವೆಚ್ಚದ ಒಂದು ಬಗೆಯೇ.

ನಗದನ್ನು ಎರಡು ಕಡೆ ಇಡಿ, ಅದರಲ್ಲೊಂದು ಪಾಲು ನಿಮ್ಮ ಕೈಯಲ್ಲಿರಲಿ. ಫೋನ್ ಪಾವತಿ ಎಲ್ಲ ಕಡೆ ನಡೆಯುತ್ತದೆಂದು ನಂಬಬೇಡಿ. ಟಿಕೆಟಿನ ಹಣ ವಾಪಸ್ ಕೊಡುತ್ತೇವೆಂದು ಯಾರಾದರೂ ಕರೆ ಮಾಡಿ ಒಟಿಪಿ ಕೇಳಿದರೆ ಕೊಡಬೇಡಿ. ಮೋಸ ಹೋದರೆ ತಕ್ಷಣ 1930ಕ್ಕೆ ದೂರು ನೀಡಿ. ಸೀರೆ, ಬಳೆ, ಆಟಿಕೆಗೆಂದು ಮೊದಲೇ ಒಬ್ಬೊಬ್ಬರಿಗೂ ಒಂದು ಮೊತ್ತ ಕೊಟ್ಟು ಬಿಡಿ. ತಮ್ಮ ಕೈಯ ಹಣ ಮುಗಿದ ಮೇಲೆ ಮಕ್ಕಳು ಹಟ ಹಿಡಿಯುವುದಿಲ್ಲ.

ಯಾವ ಕೆಲಸ ಯಾರದು?

ಮೂವರು ಪ್ರಯಾಣ ಹೊರಟರೆ ಒಬ್ಬರನ್ನು ಮುಖ್ಯಸ್ಥರನ್ನಾಗಿ ಮಾಡಿಕೊಳ್ಳಿರೆಂದು ಪ್ರವಾದಿವರ್ಯರು(ಸ) ಕಲಿಸಿದರು. ಕೊನೆಯ ಮಾತು ಒಬ್ಬರದ್ದಾದರೆ ನಿಲ್ದಾಣದಲ್ಲಿ ನಿಂತು ಜಗಳವಾಡುವುದು ತಪ್ಪುತ್ತದೆ. ಆದರೆ ಮುಖ್ಯಸ್ಥನೆಂದರೆ ಆಜ್ಞೆ ಮಾಡುವವನಲ್ಲ, ಎಲ್ಲರ ಅನುಕೂಲ ನೋಡುವವನು. ಪ್ರವಾದಿವರ್ಯರೇ(ಸ) ಮನೆಯಲ್ಲಿರುವಾಗ ಮನೆಯವರ ಕೆಲಸಗಳಲ್ಲಿ ನೆರವಾಗುತ್ತಿದ್ದರೆಂದು ಹ. ಆಇಶಾ(ರ) ತಿಳಿಸಿದ್ದಾರೆ.

ಆದ್ದರಿಂದ ಹಾಳೆಯ ಕೊನೆಯ ಭಾಗದಲ್ಲಿ ಹೆಸರುಗಳನ್ನು ಬರೆಯಿರಿ. ಟಿಕೆಟ್, ಕೋಣೆ, ಭಾರದ ಚೀಲ ತಂದೆಗೆ. ಖರ್ಚಿನ ಪುಸ್ತಕ ಮತ್ತು ರೈಲಿನ ಸಮಯ ಮಗಳಿಗೆ. ಚಪ್ಪಲಿ ಎಣಿಸುವುದು, ಕೋಣೆ ಬಿಡುವಾಗ ಮಂಚದ ಕೆಳಗೆ ನೋಡುವುದು ಮಗನಿಗೆ. ಔಷಧದ ಡಬ್ಬಿ ಅತ್ತೆಗೆ. ಅವರ ಮಾತ್ರೆಗಳು ಎರಡು ದಿನಕ್ಕೆ ಹೆಚ್ಚೇ ಇರಲಿ, ವೈದ್ಯರ ಚೀಟಿಯೂ ಜೊತೆಗಿರಲಿ. ಪ್ರತಿಯೊಬ್ಬರೂ ತಾವು ಹೊರಬಲ್ಲಷ್ಟೇ ಬಟ್ಟೆಯನ್ನು ತಮ್ಮ ತಮ್ಮ ಚೀಲದಲ್ಲಿ ತಾವೇ ತುಂಬಿಕೊಳ್ಳಲಿ. ಆಗ "ನನ್ನ ಅಂಗಿ ಎಲ್ಲಿ?" ಎಂಬ ಪ್ರಶ್ನೆ ತಾಯಿಯ ಕಡೆಗೆ ಬರುವುದಿಲ್ಲ. ಹಿಂದಿರುಗಿದ ದಿನದ ಅಡುಗೆ ಮತ್ತು ಬಟ್ಟೆ ಒಗೆಯುವ ಕೆಲಸದ ಮುಂದೆಯೂ ಹೆಸರು ಬರೆಯಿರಿ. ಅದೂ ಪ್ರವಾಸದ್ದೇ ಭಾಗ. ತಾಯಿಯ ಹೆಸರಿನ ಮುಂದೆ? ಅಲ್ಲಿ ಒಂದೆರಡು ಹಗುರ ಕೆಲಸ ಮಾತ್ರ ಇರಲಿ.

ಗಂಡಸರು ಈ ಪುಟ ಓದುವುದಿಲ್ಲವೆಂದು ಬೇಸರಿಸಬೇಡಿ, ನೀವೇ ಓದಿ ಹೇಳಿ. ಇಂದು ಇಶಾ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ಆ ಹಾಳೆಯನ್ನು ನಡುವೆ ಇಡಿ. "ಎಲ್ಲಿಗೆ ಹೋಗೋಣ?" ಎಂದು ಮೊದಲು ಅತ್ತೆಯವರನ್ನು ಕೇಳಿ. ಬಹುಶಃ ಅವರನ್ನು ಇಷ್ಟು ವರ್ಷ ಯಾರೂ ಕೇಳಿರಲಿಕ್ಕಿಲ್ಲ. ಆಮೇಲೆ ನಿಮ್ಮ ಆಸೆಯನ್ನೂ ಹೇಳಿ. ಮನೆ ಬಿಡುವಾಗ ಪ್ರಯಾಣದ ದುಆ ಮರೆಯಬೇಡಿ. ಅಲ್ಲಾಹನು ನಿಮ್ಮ ಪ್ರಯಾಣವನ್ನು ಸುಲಭಗೊಳಿಸಲಿ, ಕ್ಷೇಮವಾಗಿ ಮನೆ ಸೇರಿಸಲಿ. ಆಮೀನ್.